ಊದಿದ್ದು ಕಣ್ಣಿನ ಕೆಳಗೆ, ನೋವು ಹಲ್ಲಿನದು

ಪ್ರಶ್ನೆ: ಡಾಕ್ಟರೇ, ನಮ್ಮ ಕಾಫಿ ತೋಟದ ನಾಯಿ ಕರಿಯನಿಗೆ ಒಂಬತ್ತು ವರ್ಷ. ಬಲಗಣ್ಣಿನ ಕೆಳಗೆ ಅಡಿಕೆ ಗಾತ್ರಕ್ಕೆ ಊದಿದೆ. ಔಷಧಿ ಅಂಗಡಿಯಲ್ಲಿ ಕೊಟ್ಟ ಮಾತ್ರೆಗೆ ಇಳಿದಿತ್ತು, ಹದಿನೈದು ದಿನಕ್ಕೆ ಮತ್ತೆ ಬಂತು. ಬಾಯಿ ಮೊದಲಿನಿಂದಲೂ ನಾರುತ್ತದೆ. ಹಲ್ಲು ಚೊಕ್ಕವಾಗಿರಲೆಂದು ವಾರಕ್ಕೊಮ್ಮೆ ಮೂಳೆ ಹಾಕುತ್ತೇವೆ. ಕಣ್ಣಿಗೆ ಯಾವ ಔಷಧಿ ಬಿಡಬೇಕು? ಬೆಕ್ಕಿಗೂ ಹಲ್ಲಿನ ತೊಂದರೆ ಬರುತ್ತದೆಯೇ?
– ಓದುಗರು, ಮೂಡಿಗೆರೆ

ಉತ್ತರ: ಕಣ್ಣಿಗೆ ಏನೂ ಬಿಡಬೇಡಿ, ಮೊದಲು ಮೇಲ್ದುಟಿ ಎತ್ತಿ ನೋಡಿ. ಕೋರೆಹಲ್ಲಿನಿಂದ ಹಿಂದಕ್ಕೆ ಹೋದರೆ ದೊಡ್ಡದೊಂದು ಹಲ್ಲಿದೆ. ಮಾಂಸ ಕತ್ತರಿಸುವುದು ಅದೇ. ಅದಕ್ಕೆ ಮೂರು ಬೇರು, ಬೇರಿನ ತುದಿ ಇರುವುದು ಕಣ್ಣಿನ ಕೆಳಗೆ. ಅಲ್ಲಿ ಕೀವು ತುಂಬಿದರೆ ಊತ ಮುಖದ ಮೇಲೆ ಕಾಣುತ್ತದೆ. ಕರಿಯನಿಗೂ ಬಹುಮಟ್ಟಿಗೆ ಇದೇ ಆಗಿರಬೇಕು. ಮಾತ್ರೆ ಕೀವನ್ನು ಅಡಗಿಸುತ್ತದೆಯೇ ಹೊರತು ಕೆಟ್ಟ ಬೇರನ್ನು ಸರಿಮಾಡುವುದಿಲ್ಲ. ಎಕ್ಸ್‌ರೇ ತೆಗೆದು ನೋಡಿ, ಸಾಮಾನ್ಯವಾಗಿ ಆ ಹಲ್ಲನ್ನು ಕೀಳಲೇಬೇಕಾಗುತ್ತದೆ.

ಹಲ್ಲಿಗೆ ಒಳ್ಳೆಯದೆಂದು ಹಾಕಿದ ಮೂಳೆಯೇ ಹಲ್ಲನ್ನು ಸೀಳಿರಬಹುದು. ಬೆಂದ ಮೂಳೆಯ ಚೂರು ಗಂಟಲಿಗೂ ಚುಚ್ಚುತ್ತದೆ. ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದದ್ದನ್ನು ನಾಯಿಗೆ ಅಗಿಯಲು ಕೊಡಬಾರದು.

ಇನ್ನು ವಾಸನೆ. ‘ನಾಯಿ ಬಾಯಿ ಅಲ್ಲವೇ’ ಎಂದು ಎಲ್ಲರೂ ಸುಮ್ಮನಾಗುವುದು ಇಲ್ಲೇ. ವಸಡು ಚೆನ್ನಾಗಿರುವ ನಾಯಿಯ ಬಾಯಿ ಹಾಗೆ ನಾರುವುದಿಲ್ಲ. ಹಲ್ಲಿನ ಮೇಲಿನ ಲೋಳೆಗೆ ಜೊಲ್ಲಿನ ಕ್ಯಾಲ್ಸಿಯಂ ಸೇರಿ ಕೆಲವೇ ದಿನಗಳಲ್ಲಿ ಕಲ್ಲಾಗುತ್ತದೆ, ಬೋರ್‌ವೆಲ್ ನೀರು ಹಂಡೆಗೆ ಕಟ್ಟುವ ಬಿಳಿ ಪದರದ ಹಾಗೆ. ವಸಡಿನ ಅಡಿಗೆ ಇಳಿದ ಕಲ್ಲನ್ನು ಅರಿವಳಿಕೆ ಕೊಟ್ಟೇ ತೆಗೆಯಬೇಕು. ಒಂಬತ್ತು ವರ್ಷವಾಯಿತೆಂದು ಹೆದರಬೇಡಿ, ಮೊದಲು ಮೂತ್ರಪಿಂಡ, ಯಕೃತ್ತು ಹೇಗಿವೆಯೆಂದು ರಕ್ತ ಪರೀಕ್ಷೆ ಮಾಡುತ್ತಾರೆ. ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಕರೆದೊಯ್ಯಬಹುದು. ಹೊರಡುವ ಮುನ್ನ ಫೋನ್ ಮಾಡಿ.

ಗಾಯ ಮಾಗಿದ ಮೇಲೆ ದಿನವೂ ಉಜ್ಜಿ. ಬೆರಳಿಗೆ ಒದ್ದೆ ಹತ್ತಿಬಟ್ಟೆ ಸುತ್ತಿ ಹಲ್ಲಿನ ಹೊರಮೈ ಉಜ್ಜಿದರೂ ಆರಂಭಕ್ಕೆ ಸಾಕು. ನಿಮ್ಮ ಪೇಸ್ಟ್ ಬೇಡ. ನಾಯಿಗೆ ಉಗುಳಲು ಬಾರದು, ಫ್ಲೋರೈಡ್ ಹೊಟ್ಟೆಗೆ ಹೋಗುತ್ತದೆ. ಕೆಲವು ಪೇಸ್ಟ್‌ಗಳಲ್ಲಿ ಸಿಹಿಗೆಂದು ಹಾಕುವ ಕ್ಸೈಲಿಟಾಲ್ ನಾಯಿಗೆ ವಿಷ. ಉಪ್ಪು, ಇದ್ದಿಲೂ ಬೇಡ.

ಬೆಕ್ಕಿನದು ಇನ್ನೂ ಗುಟ್ಟಿನ ನೋವು. ಹಸಿದು ತಟ್ಟೆಗೆ ಓಡಿಬಂದು, ಒಂದು ತುತ್ತಿಗೆ ಕಿರುಚಿ ಹಿಂದೆ ಸರಿದರೆ ಅದನ್ನು ಕೊಬ್ಬು ಎನ್ನಬೇಡಿ. ಕರಿಯನ ಜೊತೆ ಅದೇ ಜೀಪಿನಲ್ಲಿ ಅದನ್ನೂ ಕರೆದೊಯ್ಯಿರಿ, ಬುಟ್ಟಿಯ ಬಾಯಿ ಮಾತ್ರ ಭದ್ರವಾಗಿ ಕಟ್ಟಿ.