ಮೂರನೆಯ ದಿನದ ವಿಡಾಲ್ ಮತ್ತು ಪ್ರತಿ ಮಳೆಗಾಲದ ಟೈಫಾಯಿಡ್

ಓದುಗರ ಪ್ರಶ್ನೆಗೆ ವೈದ್ಯರ ಉತ್ತರ

ಮಳೆಗಾಲ ಆರಂಭವಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿವೆ. ಹಿಂದೆ ಎರಡು ಬಾರಿ ಚುಟುಕಾಗಿ ಉತ್ತರಿಸಿದ್ದೆ. ಅದರಿಂದ ಪ್ರಯೋಜನವಾಗಿಲ್ಲವೆಂದು ಪತ್ರಗಳೇ ಹೇಳುತ್ತಿವೆ. ಆದುದರಿಂದ ಈ ಬಾರಿ ಹೆಚ್ಚಿನ ಜಾಗವನ್ನು ಅದಕ್ಕೇ ಕೊಡುತ್ತೇನೆ. ನೀರು ಕುದಿಸಿ ಕುಡಿಯಬೇಕು, ಕೈ ತೊಳೆಯಬೇಕು ಎಂಬುದನ್ನೆಲ್ಲ ಮತ್ತೆ ಬರೆಯುವುದಿಲ್ಲ.

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಜ್ವರ ಬಂದು ಮೂರನೆಯ ದಿನ ನಾವೇ ಲ್ಯಾಬಿಗೆ ಹೋಗಿ ರಕ್ತ ಕೊಟ್ಟೆವು. ಟೈಫಾಯಿಡಿನ ವಿಡಾಲ್ ಪರೀಕ್ಷೆ 1:80 ಪಾಸಿಟಿವ್ ಎಂದು ಬಂತು. ಕಳೆದ ಮೂರು ಮಳೆಗಾಲಗಳಲ್ಲಿಯೂ ಹೀಗೆಯೇ ಟೈಫಾಯಿಡ್ ಬಂದು, ಮಾತ್ರೆ ತೆಗೆದುಕೊಂಡ ಮೇಲೆ ಗುಣವಾಗಿತ್ತು. ಟೈಫಾಯಿಡ್ ಅವನ ರಕ್ತದಲ್ಲಿಯೇ ಉಳಿದಿದೆಯೇ? ಅದನ್ನು ಬೇರುಸಹಿತ ತೆಗೆಯುವ ಮದ್ದು ಇದೆಯೇ? — ಪೆರ್ಲದ ಸಮೀಪದ ಒಬ್ಬ ತಾಯಿ

ಉತ್ತರ: ಅಮ್ಮಾ, ನಿಮ್ಮ ಮಗನಿಗೆ ನಾಲ್ಕು ಮಳೆಗಾಲಗಳಲ್ಲಿ ನಾಲ್ಕು ಬಾರಿ ಜ್ವರ ಬಂದಿದೆ ಎಂಬುದು ನಿಜ. ನಾಲ್ಕು ಬಾರಿಯೂ ಅದು ಟೈಫಾಯಿಡ್ ಆಗಿತ್ತು ಎಂಬುದಕ್ಕೆ ನೀವು ಬರೆದಿರುವುದರಲ್ಲಿ ಆಧಾರವಿಲ್ಲ, ಮತ್ತು ಅದು ಟೈಫಾಯಿಡ್ ಆಗಿರಲಿಲ್ಲವೆಂದೇ ನನ್ನ ಬಲವಾದ ಶಂಕೆ.

ಪ್ಯಾರಿಸಿನ ವೈದ್ಯ ಫೆರ್ನಾಂಡ್ ವಿಡಾಲ್ ಈ ಪರೀಕ್ಷೆಯನ್ನು ಪ್ರಕಟಿಸಿದ್ದು 1896ರಲ್ಲಿ. ಇದು ರಕ್ತದಲ್ಲಿ ಟೈಫಾಯಿಡಿನ ರೋಗಾಣುವನ್ನು ಹುಡುಕುವುದಿಲ್ಲ. ಆ ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ಇವೆಯೇ ಎಂದು ನೋಡುತ್ತದೆ. ಹಿಂದೆಂದೋ ಬಂದು ಹೋದ ಸೋಂಕಿನಿಂದ, ಚುಚ್ಚಿಸಿಕೊಂಡ ಲಸಿಕೆಯಿಂದ, ಅದೇ ಕುಲದ ಬೇರೆ ರೋಗಾಣುಗಳಿಂದ, ಕೆಲವೊಮ್ಮೆ ಮಲೇರಿಯಾದಂತಹ ತೀರ ಬೇರೆಯೇ ಜ್ವರದಿಂದಲೂ ಅದು ಪಾಸಿಟಿವ್ ಆಗಬಹುದು. ಟೈಫಾಯಿಡ್ ಸುಳಿದಾಡುತ್ತಿರುವ ನಮ್ಮಂತಹ ಊರುಗಳಲ್ಲಿ ಆರೋಗ್ಯವಂತರ ರಕ್ತದಲ್ಲಿಯೂ 1:80ರ ಮಟ್ಟ, ಅಂದರೆ ರಕ್ತದ ಸೀರಮನ್ನು 80 ಪಟ್ಟು ತೆಳುಗೊಳಿಸಿದರೂ ಪ್ರತಿಕಾಯ ಕಾಣುವ ಮಟ್ಟ, ಕಾಣುವುದು ಅಪರೂಪವಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ನಿಜವಾದ ಟೈಫಾಯಿಡಿನಲ್ಲಿ ಈ ಪ್ರತಿಕಾಯಗಳು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದು ವಾರವಾದರೂ ಬೇಕು. ಹೀಗಿರುವಾಗ ಮೂರನೆಯ ದಿನದ ವಿಡಾಲ್ ಪಾಸಿಟಿವ್ ಬಂದರೆ ಟೈಫಾಯಿಡ್ ಇದೆ ಎಂದಾಗಲಿ, ನೆಗೆಟಿವ್ ಬಂದರೆ ಇಲ್ಲವೆಂದಾಗಲಿ ಹೇಳಲು ಬರುವುದಿಲ್ಲ.

ಇಷ್ಟನ್ನು ಹೇಳಿದಾಗ ನನ್ನ ಮುಂದೆ ಕುಳಿತವರು ತಲೆಯಾಡಿಸುತ್ತಾರೆ, ಆಮೇಲೆ "ಆದರೂ ಪಾಸಿಟಿವ್ ಬಂದಿದೆಯಲ್ಲ ಡಾಕ್ಟ್ರೇ" ಎನ್ನುತ್ತಾರೆ. ಅವರಲ್ಲಿ ಹೆಚ್ಚಿನವರು ಅಡಿಕೆ ಕೃಷಿಕರು. ಅವರ ತೋಟದ ವಿಷಯದಲ್ಲಿ ಇದೇ ವಿವೇಚನೆಯನ್ನು ಅವರು ನನಗಿಂತ ಚೆನ್ನಾಗಿ ಮಾಡುತ್ತಾರೆ. ಜುಲೈಯ ಎಡೆಬಿಡದ ಮಳೆಯಲ್ಲಿ ಕಾಯಿ ಉದುರಿದರೆ ಕೊಳೆರೋಗವೆಂದು ಯೋಚಿಸಿ ಬೋರ್ಡೋ ದ್ರಾವಣಕ್ಕೆ ಮೈಲುತುತ್ತು, ಸುಣ್ಣ ತರಲು ಹೊರಡುತ್ತಾರೆ. ಮಾರ್ಚಿನ ಬಿಸಿಲಿನಲ್ಲಿ ನಳ್ಳಿ (ಎಳೆಯ ಅಡಿಕೆ) ಉದುರಿದರೆ ಯಾರೂ ಬೋರ್ಡೋ ದ್ರಾವಣ ಕಲಸುವುದಿಲ್ಲ. ಹಿಂಗಾರ ಒಣಗಿದೆಯೇ, ನೀರು ಸಾಲದೆ ಹೋಯಿತೇ, ಕೀಟವಿದೆಯೇ ಎಂದು ನೋಡುತ್ತಾರೆ. ಎರಡೂ ಬಾರಿ ಮರದ ಬುಡದಲ್ಲಿ ಬಿದ್ದಿರುವುದು ಅಡಿಕೆಯೇ. ಆದರೆ ಆ ಕಾಲದಲ್ಲಿ, ಆ ತೋಟದಲ್ಲಿ ಯಾವ ರೋಗ ಎಷ್ಟು ಸಂಭವನೀಯ ಎಂಬ ತಿಳಿವಳಿಕೆ ಕಾಯಿ ಬೀಳುವ ಮೊದಲೇ ಅವರಲ್ಲಿರುತ್ತದೆ, ಬಿದ್ದ ಕಾಯಿಗೆ ಅರ್ಥ ಬರುವುದು ಅದರಿಂದ. ರಕ್ತಪರೀಕ್ಷೆಗೂ ಅರ್ಥ ಬರುವುದು ಹಾಗೆಯೇ.

ಈಗ ತಲೆ ಎಣಿಸೋಣ. ಅಂಕಿಗಳು ಲೆಕ್ಕಕ್ಕಾಗಿ ನಾನು ಹಿಡಿದವು, ಯಾವುದೇ ಊರಿನ ಸಮೀಕ್ಷೆಯವಲ್ಲ. ಮಳೆಗಾಲದಲ್ಲಿ ಜ್ವರದ ಮೊದಲ ದಿನಗಳಲ್ಲಿ 1000 ಮಂದಿ ಲ್ಯಾಬಿಗೆ ಬಂದರೆಂದೂ ಅವರಲ್ಲಿ 20 ಮಂದಿಗೆ ನಿಜವಾದ ಟೈಫಾಯಿಡ್ ಇದೆಯೆಂದೂ ಇಟ್ಟುಕೊಳ್ಳಿ. ಪರೀಕ್ಷೆಯು ಆ 20ರಲ್ಲಿ 14 ಮಂದಿಯನ್ನು ಹಿಡಿಯುತ್ತದೆ ಎನ್ನೋಣ. ಮೊದಲ ವಾರಕ್ಕೆ ಇದು ಉದಾರವಾದ ಅಂಕಿ. ಉಳಿದ 980 ಮಂದಿಯಲ್ಲಿ ನೂರಕ್ಕೆ 15ರಂತೆ 147 ಮಂದಿಗೆ ಸುಳ್ಳು ಪಾಸಿಟಿವ್ ಬರುತ್ತದೆ. ಒಟ್ಟು 161 ಪಾಸಿಟಿವ್ ವರದಿಗಳಲ್ಲಿ ನಿಜವಾದವು 14, ಅಂದರೆ ನೂರಕ್ಕೆ 9ಕ್ಕಿಂತ ಕಡಿಮೆ. ಇನ್ನು ಅದೇ ಪರೀಕ್ಷೆಯನ್ನು ಹತ್ತು ದಿನ ಕಳೆದರೂ ಇಳಿಯದ ಜ್ವರವಿರುವ, ಶೀತ ಕೆಮ್ಮು ಇಲ್ಲದ, ಡೆಂಗ್ಯೂ ಮಲೇರಿಯಾ ಅಲ್ಲವೆಂದು ಖಚಿತವಾದ 1000 ಮಂದಿಗೆ ಮಾಡಿ, ಅವರಲ್ಲಿ 300 ಮಂದಿಗೆ ಟೈಫಾಯಿಡ್ ಇದೆಯೆಂದು ಹಿಡಿದರೆ, 210 ನಿಜವಾದ ಪಾಸಿಟಿವ್, 105 ಸುಳ್ಳು ಪಾಸಿಟಿವ್. ಮೂರರಲ್ಲಿ ಎರಡು ವರದಿಗಳು ನಿಜ. ಲ್ಯಾಬ್ ಅದೇ, ಪರೀಕ್ಷೆಯ ದ್ರವ ಅದೇ, ಕಾಗದದ ಮೇಲಿನ ಅಕ್ಷರಗಳೂ ಅವೇ. ಬದಲಾದದ್ದು ಪರೀಕ್ಷೆಗೆ ಕಳುಹಿಸಿದವರು ಯಾರು ಎಂಬುದು ಮಾತ್ರ.

ಈ ಲೆಕ್ಕ ನಿಮಗೆ ಹೊಸದಾದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. 1978ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಸೇರಿದ ಆಸ್ಪತ್ರೆಗಳಲ್ಲಿ 60 ಮಂದಿ ವಿದ್ಯಾರ್ಥಿಗಳು ಮತ್ತು ವೈದ್ಯರಿಗೆ ಇಂಥದೇ ಪ್ರಶ್ನೆ ಕೇಳಿದ್ದರು: ಸಾವಿರಕ್ಕೆ ಒಬ್ಬರಿಗಿರುವ ರೋಗ, ನೂರಕ್ಕೆ ಐದು ಸುಳ್ಳು ಪಾಸಿಟಿವ್ ಕೊಡುವ ಪರೀಕ್ಷೆ; ಪಾಸಿಟಿವ್ ಬಂದವನಿಗೆ ರೋಗವಿರುವ ಸಾಧ್ಯತೆ ಎಷ್ಟು? ಸರಿಯಾದ ಉತ್ತರ ನೂರಕ್ಕೆ ಸುಮಾರು 2. ಹಾಗೆ ಹೇಳಿದವರು 11 ಮಂದಿ. 27 ಮಂದಿ 95 ಎಂದರು. ಇಪ್ಪತ್ತು ವರ್ಷಗಳ ಬಳಿಕ, 1998ರಲ್ಲಿ, ಉಲ್ರಿಷ್ ಹೊಫ್ರಾಗೆ ಮತ್ತು ಗೆರ್ಡ್ ಗಿಗೆರೆನ್ಜರ್ ಎಂಬ ಮನೋವಿಜ್ಞಾನಿಗಳು 48 ಮಂದಿ ಜರ್ಮನ್ ವೈದ್ಯರಿಗೆ ಇಂಥ ಲೆಕ್ಕಗಳನ್ನು ಎರಡು ರೀತಿಯಲ್ಲಿ ಕೊಟ್ಟರು. ಶೇಕಡಾ ಭಾಷೆಯಲ್ಲಿ ಕೊಟ್ಟಾಗ ಸರಿಯುತ್ತರಗಳು ನೂರಕ್ಕೆ 10. "ಸಾವಿರ ಮಂದಿಯಲ್ಲಿ ಇಷ್ಟು ಮಂದಿ" ಎಂದು ತಲೆಯೆಣಿಕೆಯಲ್ಲಿ ಕೊಟ್ಟಾಗ ನೂರಕ್ಕೆ 46. ವೈದ್ಯರು ಅವರೇ, ಲೆಕ್ಕ ಕೊಟ್ಟ ಕ್ರಮ ಮಾತ್ರ ಬೇರೆಯಾಗಿತ್ತು.

ನಾನು ಅನೇಕ ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ಇದನ್ನೇ ಕಲಿಸಿದವನು, ತಪ್ಪಾಗಿ ಕಲಿಸಿದವನು. ಕರಿಹಲಗೆಯ ಮೇಲೆ ಸೂತ್ರ ಬರೆಯುತ್ತಿದ್ದೆ, ಅವರು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಿದ್ದರು, ಮರುದಿನ ವಾರ್ಡಿನಲ್ಲಿ ಎರಡು ದಿನದ ಜ್ವರಕ್ಕೆ ವಿಡಾಲ್ ಬರೆದು ಅದೇ ಸಂಜೆ ರೋಗಾಣುನಾಶಕ (ಆಂಟಿಬಯಾಟಿಕ್) ಆರಂಭಿಸುತ್ತಿದ್ದರು. ತಲೆಯೆಣಿಕೆಯ ಕ್ರಮವನ್ನು ಓದಿದ ಮೇಲೆ ಸೂತ್ರವನ್ನು ಕೈಬಿಟ್ಟೆ. ರಕ್ತಪರೀಕ್ಷೆಗೆ ಚೀಟಿ ಬರೆಯುವ ಮೊದಲು ರೋಗಿಯ ಕಡತದಲ್ಲಿ ಎರಡು ಸಾಲು ಬರೆಯಬೇಕೆಂದು ನಿಯಮ ಮಾಡಿದೆ: ಈ ರೋಗಿಯಂತಹ ನೂರು ಮಂದಿ ಬಂದರೆ ಎಷ್ಟು ಮಂದಿಗೆ ಈ ರೋಗವಿದ್ದೀತು, ಮತ್ತು ವರದಿ ಹೇಗೆ ಬಂದರೆ ನಿನ್ನ ಚಿಕಿತ್ಸೆ ಬದಲಾಗುತ್ತದೆ? ಎರಡನೆಯದಕ್ಕೆ ಉತ್ತರವಿಲ್ಲದಿದ್ದರೆ ರಕ್ತ ತೆಗೆಯುವಂತಿಲ್ಲ. ಬೇಡದ ಪರೀಕ್ಷೆಗಳು ಕಡಿಮೆಯಾದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸುಳ್ಳು ಟೈಫಾಯಿಡಿನಿಂದ ಹೋಗುವುದು ಮಾತ್ರೆಯ ದುಡ್ಡು ಮಾತ್ರವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಬೇಡದ ರೋಗಾಣುನಾಶಕದಿಂದ ರೋಗಾಣುಗಳು ಮದ್ದಿಗೆ ಜಗ್ಗದಂತಾಗುತ್ತವೆ; ಹಿಂದೆ ಟೈಫಾಯಿಡಿಗೆ ನಂಬಿಕೆಯ ಮದ್ದಾಗಿದ್ದ ಸಿಪ್ರೋಫ್ಲಾಕ್ಸಸಿನ್ ಇಂದು ಭಾರತದ ಹೆಚ್ಚಿನ ಕಡೆ ನಂಬಲರ್ಹವಲ್ಲ. ಅದಕ್ಕಿಂತ ದೊಡ್ಡ ಅಪಾಯ, ನಿಜವಾದ ರೋಗ ಕಣ್ತಪ್ಪುವುದು. ಕೆಲವು ವರ್ಷಗಳ ಹಿಂದೆ ತೋಟದ ಕೆಲಸ ಮಾಡುವ ಹೆಂಗಸೊಬ್ಬರು ನನ್ನಲ್ಲಿಗೆ ಬಂದರು. ಕೈಯಲ್ಲಿ ವಿಡಾಲ್ ವರದಿಯಿತ್ತು, ಬೇರೆಡೆ ಚಿಕಿತ್ಸೆ ಆರಂಭವಾಗಿತ್ತು. ನಾನೂ ಆ ಕಾಗದವನ್ನು ನೋಡಿ ಅದೇ ಚಿಕಿತ್ಸೆಯನ್ನು ಮುಂದುವರಿಸಿದೆ. ಎರಡು ದಿನಗಳ ನಂತರ ಉಸಿರು ಕಟ್ಟುತ್ತಾ ಮರಳಿ ಬಂದಾಗ ಮೈಯನ್ನು ಪೂರ್ತಿಯಾಗಿ ಪರೀಕ್ಷಿಸಿದೆ: ಕಂಕುಳಲ್ಲಿ ಬೀಡಿಯಿಂದ ಸುಟ್ಟಂತಹ ಕಪ್ಪು ಹಕ್ಕಳೆ. ಅದು ಸ್ಕ್ರಬ್ ಟೈಫಸ್, ಪೊದೆಗಳಲ್ಲಿರುವ ಸಣ್ಣ ನುಸಿಮರಿ ಕಚ್ಚಿ ಬರುವ ಜ್ವರ. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಗೆ ಬಗ್ಗುತ್ತದೆ, ತಡವಾದರೆ ಜೀವ ತೆಗೆಯುತ್ತದೆ. ಅವರು ಬದುಕಿದರು. ಮೊದಲ ದಿನವೇ ಆ ಕಂಕುಳನ್ನು ನಾನು ನೋಡಬೇಕಿತ್ತು. ಅಮೆರಿಕದ ಮಾರ್ಕ್ ಗ್ರೇಬರ್ ಮತ್ತು ಸಂಗಡಿಗರು ರೋಗನಿರ್ಣಯ ತಪ್ಪಿದ 100 ಪ್ರಕರಣಗಳನ್ನು 2005ರಲ್ಲಿ ವಿಶ್ಲೇಷಿಸಿದಾಗ, ವೈದ್ಯರ ಯೋಚನೆಯ ದೋಷಗಳಲ್ಲಿ ಅತಿ ಸಾಮಾನ್ಯವಾಗಿ ಕಂಡದ್ದು ಇದೇ: ಒಂದು ಉತ್ತರ ಸಿಕ್ಕಿದೊಡನೆ ಹುಡುಕುವುದನ್ನು ನಿಲ್ಲಿಸುವುದು.

ಈಗ ನಿಮ್ಮ ಮಗನ ವಿಷಯ. ಲ್ಯಾಬಿಗೆ ಹೋಗುವ ಮೊದಲು ವೈದ್ಯರಲ್ಲಿಗೆ ಹೋಗಿ. ಮೊದಲ ಐದು ದಿನಗಳಲ್ಲಿ ಡೆಂಗ್ಯೂವಿನ ಎನ್‌ಎಸ್1, ಮಲೇರಿಯಾ ಪರೀಕ್ಷೆ, ರಕ್ತಕಣಗಳ ಎಣಿಕೆ, ಇವುಗಳಿಂದ ಹೆಚ್ಚು ತಿಳಿಯುತ್ತದೆ. ಗದ್ದೆ, ತೋಟ, ಚರಂಡಿಯ ನೀರಿನಲ್ಲಿ ಬರಿಗಾಲಲ್ಲಿ ನಿಂತದ್ದುಂಟೇ, ಮೀನಖಂಡ ನೋಯುತ್ತದೆಯೇ, ಕಣ್ಣು ಕೆಂಪಾಗಿದೆಯೇ ಎಂಬುದನ್ನು ಅವರು ಕೇಳದಿದ್ದರೂ ಹೇಳಿ, ಏಕೆಂದರೆ ಇಲಿಜ್ವರವನ್ನು ತಪ್ಪಿಸಿಕೊಳ್ಳಲು ಬಿಡಬಾರದು. ಟೈಫಾಯಿಡ್ ಎಂಬ ನಿಜವಾದ ಶಂಕೆಯಿದ್ದರೆ ರೋಗಾಣುನಾಶಕದ ಮೊದಲ ಮಾತ್ರೆಗೆ ಮುನ್ನವೇ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನೇ ಬೆಳೆಸಿ ನೋಡುವ ಪರೀಕ್ಷೆ, ಆಗಬೇಕು. ಅದೂ ನೂರು ಟೈಫಾಯಿಡಿನಲ್ಲಿ ಸುಮಾರು 60ನ್ನು ಮಾತ್ರ ಹಿಡಿಯುತ್ತದೆ. ಆದರೆ ಹಿಡಿದರೆ ಅದು ಟೈಫಾಯಿಡೇ, ಯಾವ ಮದ್ದಿಗೆ ಬಗ್ಗುತ್ತದೆ ಎಂಬುದೂ ತಿಳಿಯುತ್ತದೆ. ಮಂಗಳೂರಿಗೆ ಹೋಗಿ ಬರಲು ಒಂದು ದಿನ ಬೇಕೆಂಬ ಕಷ್ಟ ನನಗೆ ಗೊತ್ತು. ರೋಗಿ ನಿತ್ರಾಣನಾಗಿದ್ದರೆ ವರದಿಗಾಗಿ ಕಾಯದೆ ಚಿಕಿತ್ಸೆ ಕೊಡುವುದು ಸರಿ, ಆದರೆ ರಕ್ತವನ್ನು ಮೊದಲು ತೆಗೆದಿಡಬೇಕು.

ಟೈಫಾಯಿಡ್ ಮರುಕಳಿಸುವುದೇ ಇಲ್ಲವೆಂದಲ್ಲ. ಮರುಕಳಿಸುವುದಾದರೆ ಸಾಮಾನ್ಯವಾಗಿ ಚಿಕಿತ್ಸೆ ಮುಗಿದ ಕೆಲವು ವಾರಗಳೊಳಗೆ ಮರುಕಳಿಸುತ್ತದೆ, ಮುಂದಿನ ಮಳೆಗಾಲದವರೆಗೆ ಕಾಯುವುದಿಲ್ಲ. ಪಿತ್ತಕೋಶದಲ್ಲಿ ರೋಗಾಣುವನ್ನು ಹೊತ್ತಿರುವ ಕೆಲವರು ಇರುತ್ತಾರೆ. ಅವರಿಂದ ಇತರರಿಗೆ ರೋಗ ಹರಡುತ್ತದೆ, ಅವರಿಗೇ ವರ್ಷವರ್ಷ ಜ್ವರ ಬರುವುದಿಲ್ಲ. ಬೇರುಸಹಿತ ತೆಗೆಯುವ ಮದ್ದನ್ನು ಮಾರುವವರು ಇಲ್ಲದ ರೋಗಕ್ಕೆ ಮದ್ದು ಮಾರುತ್ತಿದ್ದಾರೆ.

ಪ್ರಶ್ನೆ: ನಮ್ಮ ಊರಿನಲ್ಲಿ ಕಾಮಾಲೆಗೆ ಮದ್ದು ಕೊಡುವವರೊಬ್ಬರು ನೂರಾರು ಮಂದಿಯನ್ನು ಗುಣಪಡಿಸಿದ್ದಾರೆ. ಇದಕ್ಕಿಂತ ದೊಡ್ಡ ಪುರಾವೆ ಬೇಕೇ? — ಬದಿಯಡ್ಕ

ಉತ್ತರ: ಬೇಕು. ನೀರಿನಿಂದ ಹರಡುವ ಹೆಪಟೈಟಿಸ್ ಎ ಕಾಮಾಲೆ ಮದ್ದಿಲ್ಲದೆಯೂ ಬಹುತೇಕ ಎಲ್ಲರಲ್ಲಿ ಗುಣವಾಗುತ್ತದೆ. ಮದ್ದು ತೆಗೆದುಕೊಳ್ಳದವರನ್ನು ಪಕ್ಕದಲ್ಲಿಟ್ಟು ನೋಡದ ಹೊರತು ನೂರಾರು ಎಂಬ ಮಾತಿಗೆ ಬೆಲೆಯಿಲ್ಲ. ಹಾಗೆ ಪಕ್ಕದಲ್ಲಿಟ್ಟು ನೋಡಿದಾಗಲೂ ಎಚ್ಚರ ಬೇಕು. 1988ರಲ್ಲಿ ಚೆನ್ನೈಯ ಸಂಶೋಧಕರು ಹೆಪಟೈಟಿಸ್ ಬಿ ಹೊತ್ತಿರುವವರಿಗೆ ನೆಲನೆಲ್ಲಿ ಕೊಟ್ಟು, 37ರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತೆಂದೂ ಹುಸಿಮದ್ದು ಪಡೆದ 23ರಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತೆಂದೂ ಪ್ರಕಟಿಸಿದರು. ಆ ಸುದ್ದಿ ನಮ್ಮ ಕಡೆಯ ಮನೆಮನೆಗೂ ತಲುಪಿದೆ. ಇತರ ದೇಶಗಳಲ್ಲಿ ನಡೆದ ನಂತರದ ಪ್ರಯೋಗಗಳಲ್ಲಿ ಆ ಫಲ ಮತ್ತೆ ಕಾಣಲಿಲ್ಲವೆಂಬ ಸುದ್ದಿ ತಲುಪಿಲ್ಲ. ಜ್ವರದೊಡನೆ ಕಣ್ಣು ಹಳದಿಯಾಗಿ ಮೂತ್ರ ಕಡಿಮೆಯಾದರೆ ಅದು ಇಲಿಜ್ವರವಾಗಿರಬಹುದು. ಅಂಥವರನ್ನು ಮೂರು ದಿನ ಪಥ್ಯದಲ್ಲಿ ಕೂರಿಸಿ ಮೂತ್ರಪಿಂಡ ಸೋತ ಮೇಲೆ ಆಸ್ಪತ್ರೆಗೆ ಕಳುಹಿಸುವ ಮದ್ದಿನವರನ್ನು ನಾನು ಕ್ಷಮಿಸಲಾರೆ.

ಪ್ರಶ್ನೆ: ಎಂಬತ್ತು ಪರೀಕ್ಷೆಗಳ ಪ್ಯಾಕೇಜ್ ರಿಯಾಯಿತಿಯಲ್ಲಿ ಸಿಗುತ್ತಿದೆ. ಮಾಡಿಸಬಹುದೇ? — ಉಪ್ಪಳ

ಉತ್ತರ: ಬೇಡ, ನೂರಕ್ಕೆ 95 ಆರೋಗ್ಯವಂತರನ್ನು ಸರಿಯೆನ್ನುವ 20 ಪ್ರತ್ಯೇಕ ಪರೀಕ್ಷೆಗಳನ್ನು ಮಾಡಿಸಿದರೆ ಆರೋಗ್ಯವಂತರಲ್ಲಿಯೂ ನೂರಕ್ಕೆ 64 ಮಂದಿಗೆ ಒಂದಾದರೂ ತಪ್ಪು ಅಂಕಿ ಬರುತ್ತದೆ, ನಿಮ್ಮದು ಎಂಬತ್ತು.

ಪ್ರಶ್ನೆ: ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಕಿ ನಾನು. ಮಕ್ಕಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ವಿಂಗಡಿಸಿ ಪಾಠ ಮಾಡಬೇಕೆಂದು ತರಬೇತಿಯಲ್ಲಿ ಹೇಳಿದರು. ವೈದ್ಯರಾಗಿ ನಿಮ್ಮ ಅಭಿಪ್ರಾಯವೇನು? — ಮುಳ್ಳೇರಿಯ

ಉತ್ತರ: ಅಧ್ಯಾಪಿಕೆಯವರೇ, ಈ ವಿಂಗಡಣೆಯೂ ಸುಳ್ಳು ರೋಗನಿರ್ಣಯವೇ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಮನೋವಿಜ್ಞಾನಿಗಳು 2008ರಲ್ಲಿ ಇದನ್ನು ಕೂಲಂಕಷವಾಗಿ ಪರಿಶೀಲಿಸಿ, ಹಾಗೆ ವಿಂಗಡಿಸಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದರು. ಪುರಾವೆಯಿರುವುದು ಇನ್ನೂ ಸರಳವಾದುದಕ್ಕೆ: ಪುಸ್ತಕ ಮುಚ್ಚಿಸಿ ನೆನಪಿನಿಂದ ಹೇಳಿಸುವುದು, ಬರೆಯಿಸುವುದು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಕೆಲವರಿಂದ ಪಾಠವನ್ನು ಮತ್ತೆ ಓದಿಸಿ, ಕೆಲವರಿಂದ ನೆನಪಿನಿಂದ ಬರೆಯಿಸಿ ತೋರಿಸಿದಂತೆ, ಐದು ನಿಮಿಷಗಳ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದಿದ್ದರು: ಅವರಿಗೆ ನೂರಕ್ಕೆ 81, ನೆನಪಿನಿಂದ ಬರೆದವರಿಗೆ 75. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು 56, ಮತ್ತೆ ಓದಿದವರು 42. ತರಬೇತಿ ಪಡೆಯುತ್ತಿದ್ದ ವೈದ್ಯರಲ್ಲಿ 2009ರಲ್ಲಿ ನಡೆದ ಪ್ರಯೋಗದಲ್ಲಿಯೂ ಆರು ತಿಂಗಳ ಬಳಿಕ ಪದೇ ಪದೇ ಪ್ರಶ್ನೆ ಎದುರಿಸಿದ ವಿಷಯದಲ್ಲಿ 39, ಮತ್ತೆ ಓದಿದ ವಿಷಯದಲ್ಲಿ 26 ಅಂಕ ಬಂತು. ಈ ಪ್ರಶ್ನೆಗಳಿಗೆ ಅಂಕ ಹಾಕಬೇಡಿ, ಉತ್ತರವನ್ನು ಕೂಡಲೇ ತಿದ್ದಿ, ಕಳೆದ ವಾರದ ಪಾಠದಿಂದಲೂ ಎರಡು ಪ್ರಶ್ನೆ ಸೇರಿಸಿ.

ಪ್ರಶ್ನೆ: ನಮ್ಮ ಹಳೆಯ ಡಾಕ್ಟರು ಅರ್ಧ ಗಂಟೆ ಪ್ರಶ್ನೆ ಕೇಳುತ್ತಾರೆ, ಟೆಸ್ಟ್ ಬರೆಯುವುದೇ ಇಲ್ಲ. ಬೇರೆಯವರಲ್ಲಿಗೆ ಹೋಗಬೇಕೇ? — ಕುಂಬಳೆ

ಉತ್ತರ: ಅವರನ್ನು ಬಿಡಬೇಡಿ. 1975ರಲ್ಲಿ ಬ್ರಿಟನ್ನಿನಲ್ಲಿ ಹೊಸದಾಗಿ ಬಂದ 80 ಹೊರರೋಗಿಗಳನ್ನು ಅಧ್ಯಯನ ಮಾಡಿದಾಗ, 66 ಮಂದಿಯಲ್ಲಿ ರೋಗಿಯ ಮಾತು ಕೇಳಿಯೇ ಮಾಡಿದ ನಿರ್ಣಯ ಕೊನೆಯವರೆಗೂ ನಿಂತಿತು. ಕಾಸರಗೋಡಿನ ನಮ್ಮ ಗಡಿಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವ ರೋಗಿಯ ಎದುರು ಆ ಭಾಷೆ ತಿಳಿಯದ ಕಿರಿಯ ವೈದ್ಯರು ಕುಳಿತಿರುತ್ತಾರೆ. ಮಾತು ನಿಂತಲ್ಲಿ ಲ್ಯಾಬಿನ ಚೀಟಿ ಆರಂಭವಾಗುತ್ತದೆ. ನಿಮಗೆ ನಿಮ್ಮ ಭಾಷೆಯಲ್ಲಿ ಅರ್ಧ ಗಂಟೆ ಸಿಗುತ್ತಿದೆ. ಹೋಗುವಾಗ ಜ್ವರ ಬಂದ ದಿನಾಂಕವನ್ನೂ ದಿನಕ್ಕೆ ಮೂರು ಬಾರಿ ಅಳೆದ ಉಷ್ಣತೆಯನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು, ಈಗಾಗಲೇ ತಿಂದ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳನ್ನು ಜೊತೆಗೆ ಕೊಂಡೊಯ್ಯಿರಿ.