ಎಲ್ಲರಿಗೂ ಒಂದೇ ಪರೀಕ್ಷೆಯೋ, ಮಗುವಿಗೆ ತಕ್ಕ ಪಾಠವೋ?

ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಅಳೆಯುವುದು ಒಳ್ಳೆಯದೋ, ಒಬ್ಬೊಬ್ಬರಿಗೆ ಬೇಕಾದಂತೆ ಕಲಿಸುವುದು ಒಳ್ಳೆಯದೋ ಎಂದು ಕೇಳಿದ್ದೀರಿ. ನನ್ನ ತಕರಾರು ಪರೀಕ್ಷೆಯ ಮೇಲಲ್ಲ. ಅಂಕ ಬರೆದುಕೊಂಡು ಉತ್ತರಪತ್ರಿಕೆಯನ್ನು ಕಟ್ಟಿಡುತ್ತಾರಲ್ಲ, ಅದರ ಮೇಲೆ.

52ರಲ್ಲಿ 38 ಕಳೆಯುವ ಲೆಕ್ಕವನ್ನೇ ನೋಡಿ. ಸರಿಯುತ್ತರ 14. ಒಂದು ಮಗು 26 ಬರೆಯುತ್ತದೆ: 2ರಲ್ಲಿ 8 ಹೋಗುವುದಿಲ್ಲ, ಅದಕ್ಕೇ 8ರಲ್ಲಿ 2 ಕಳೆದಿದೆ. ಇನ್ನೊಂದು 24 ಬರೆಯುತ್ತದೆ: ದಶಕ ಸಾಲ ತಂದಿದೆ, 5ನ್ನು 4 ಮಾಡಲು ಮರೆತಿದೆ. ಮೂರನೆಯದು 15: ಬೆರಳು ಮಡಿಸಿ ಹಿಂದಕ್ಕೆ ಎಣಿಸುವಾಗ 52ನ್ನೇ ಮೊದಲ ಎಣಿಕೆ ಮಾಡಿಕೊಂಡಿರಬೇಕು. ನಾಲ್ಕನೆಯದು 90: ಚಿಹ್ನೆ ನೋಡದೆ ಕೂಡಿಬಿಟ್ಟಿದೆ. ನಾಲ್ವರಿಗೂ ಸೊನ್ನೆ. ಆದರೆ ಮೊದಲನೆಯ ಮಗುವಿಗೆ ಹತ್ತರ ಕಡ್ಡಿಕಟ್ಟು ಬಿಚ್ಚಿ ತೋರಿಸಬೇಕು. ಎರಡನೆಯದಕ್ಕೆ ಸಾಲ ತಂದ ಕೂಡಲೇ ಅಂಕಿ ಹೊಡೆದು ಮೇಲೆ ಹೊಸದನ್ನು ಬರೆಯುವ ಅಭ್ಯಾಸ ಸಾಕು. ಮೂರನೆಯದಕ್ಕೆ ಸಂಖ್ಯಾರೇಖೆಯ ಮೇಲೆ ಹೆಜ್ಜೆ ಇಡಿಸಬೇಕು. ನಾಲ್ಕನೆಯದಕ್ಕೆ ಪಾಠವೇ ಬೇಡ, ಲೆಕ್ಕ ಶುರು ಮಾಡುವ ಮೊದಲು ಚಿಹ್ನೆಗೆ ಸುತ್ತು ಹಾಕಿದರೆ ಆಯಿತು. ‘ಗಣಿತದಲ್ಲಿ ಹಿಂದೆ’ ಎಂದು ನಾಲ್ವರನ್ನೂ ಒಂದೇ ಕಡೆ ಕೂರಿಸಿ ಅದೇ ಪಾಠ ಮತ್ತೆ ಒಪ್ಪಿಸಿದರೆ ಮೂವರ ಹೊತ್ತು ಹಾಳು.

ಹೀಗೆ ತಪ್ಪು ಹಿಡಿಯಲು ಲೆಕ್ಕವನ್ನು ಆರಿಸುವುದರಲ್ಲೇ ಜಾಣತನ ಇದೆ. 71ರಲ್ಲಿ 46 ಕೊಟ್ಟರೆ ಮೇಲಿನ ಮೊದಲ ಎರಡು ತಪ್ಪಿಗೂ ಉತ್ತರ 35 ಎಂದೇ ಬರುತ್ತದೆ, ಯಾರ ಕಷ್ಟ ಏನೆಂದು ಗೊತ್ತಾಗುವುದಿಲ್ಲ. 83ರಲ್ಲಿ 27 ಕೊಡಿ: ಒಬ್ಬರು 64 ಬರೆಯುತ್ತಾರೆ, ಇನ್ನೊಬ್ಬರು 66. ಸೊನ್ನೆ ಇರುವ ಲೆಕ್ಕ ಒಂದಾದರೂ ಇರಲಿ, 60ರಲ್ಲಿ 24ರ ಹಾಗೆ. ಒಂದೇ ತಪ್ಪು ನೋಡಿ ತೀರ್ಮಾನಕ್ಕೆ ಬರಬೇಡಿ. ಮೂರರಲ್ಲಿ ಎರಡು ಕಡೆ ಅದೇ ರೀತಿ ಎಡವಿದ್ದರೆ ನಂಬಬಹುದು.

40 ಮಕ್ಕಳಿರುವ ತರಗತಿಯಲ್ಲಿ 40 ಪಾಠ ಯಾರಿಂದಲೂ ಆಗದು, ಬೇಕಾಗಿಯೂ ಇಲ್ಲ. ಐದು ಲೆಕ್ಕ, ಹತ್ತು ನಿಮಿಷ. ಉತ್ತರಪತ್ರಿಕೆಗಳನ್ನು ಅಂಕದ ಪ್ರಕಾರವಲ್ಲ, ತಪ್ಪಿನ ಪ್ರಕಾರ ಗುಡ್ಡೆ ಹಾಕಿ. ಸಾಮಾನ್ಯವಾಗಿ ನಾಲ್ಕೈದು ಗುಡ್ಡೆಯಾಗುತ್ತವೆ. ದಿನಕ್ಕೆ ಒಂದು ಗುಂಪಿನ ಜೊತೆ 15-20 ನಿಮಿಷ ಕೂರಿ. ಉಳಿದವರಿಗೆ ಆಗಲೇ ಬರುವ ಲೆಕ್ಕಗಳ ಅಭ್ಯಾಸ ಕೊಡಿ, ಹೊಸದು ಕೊಟ್ಟರೆ ಐದು ನಿಮಿಷಕ್ಕೊಬ್ಬರು ಎದ್ದು ಬರುತ್ತಾರೆ. ಎರಡು ವಾರ ಬಿಟ್ಟು ಅಂಕಿ ಬದಲಿಸಿ ಅದೇ ಬಗೆಯ ಲೆಕ್ಕ ಕೊಟ್ಟು ನೋಡಿ.

ಇದು ಕೆಡುವುದು ಎಲ್ಲಿ ಗೊತ್ತೇ? ಗುಂಪು ಒಡೆಯದೇ ಇರುವಲ್ಲಿ. ಕಳೆಯುವುದರಲ್ಲಿ ತಡವರಿಸುವ ಮಗು ಭಿನ್ನರಾಶಿಯಲ್ಲಿ ಚುರುಕಾಗಿರಬಹುದು. ವಿಷಯ ಬದಲಾದಾಗ ಗುಂಪೂ ಬದಲಾಗದಿದ್ದರೆ ‘ಮಗುವಿಗೆ ತಕ್ಕ ಪಾಠ’ ಎಂಬುದು ದಡ್ಡರ ಬೆಂಚಿಗೆ ಇಟ್ಟ ಚಂದದ ಹೆಸರು ಅಷ್ಟೆ. ಇನ್ನೊಂದು, ಸುಲಭದ ಕೆಲಸವನ್ನೇ ಕೊಡುತ್ತಾ ಹೋಗುವುದು. ಮಗು ಖುಷಿಯಾಗಿರುತ್ತದೆ, ತರಗತಿಯ ಪಾಠ ಮಾತ್ರ ದೂರ ಹೋಗುತ್ತಿರುತ್ತದೆ.

ಅದಕ್ಕೇ ಎಲ್ಲರಿಗೂ ಒಂದೇ ಪರೀಕ್ಷೆ ಆಗಾಗ ಬೇಕು. ತನ್ನ ತರಗತಿಯನ್ನಷ್ಟೇ ನೋಡುವ ಶಿಕ್ಷಕರಿಗೆ ಇಡೀ ತರಗತಿಯೇ ಹಿಂದುಳಿದಿರುವುದು ಕಾಣುವುದಿಲ್ಲ. ಅಂದಹಾಗೆ, 1905ರಲ್ಲಿ ಫ್ರಾನ್ಸಿನ ಮನೋವಿಜ್ಞಾನಿಗಳಾದ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ ತಮ್ಮ ಹೆಸರಾಂತ ಬುದ್ಧಿಶಕ್ತಿ ಪರೀಕ್ಷೆ ರೂಪಿಸಿದ್ದೇ ವಿಶೇಷ ಪಾಠ ಬೇಕಾದ ಮಕ್ಕಳನ್ನು ಗುರುತಿಸಲು. ಸಾಲಾಗಿ ನಿಲ್ಲಿಸಿ ರ‍್ಯಾಂಕ್ ಕೊಡುವುದು ಅವರ ಉದ್ದೇಶವಾಗಿರಲಿಲ್ಲ.

ಅಂಕ ಓದುವಾಗ ಸ್ವಲ್ಪ ಎಚ್ಚರ. ನಾಲ್ಕು ಆಯ್ಕೆಯ 20 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದರೂ ಸರಾಸರಿ 5 ಅಂಕ ಬರುತ್ತದೆ. ಅಂಥ ಪತ್ರಿಕೆಯಲ್ಲಿ 12 ಬಂದ ಮಗುವಿಗೂ 14 ಬಂದ ಮಗುವಿಗೂ ಕಲಿಕೆಯಲ್ಲಿ ವ್ಯತ್ಯಾಸ ಇದೆ ಎಂದು ಹೇಳಲಾಗದು, ಬೇರೆ ಪ್ರಶ್ನೆಗಳು ಬಂದಿದ್ದರೆ ತಿರುಗುಮುರುಗಾಗಬಹುದಿತ್ತು. 70ನೇ ಪರ್ಸೆಂಟೈಲ್ ಎಂದರೆ ನೂರಕ್ಕೆ 70 ಅಂಕವಲ್ಲ. ಪರೀಕ್ಷೆ ಬರೆದವರಲ್ಲಿ ಸುಮಾರು 70 ಶೇಕಡಾ ಮಂದಿ ಆ ಮಗುವಿಗಿಂತ ಕೆಳಗಿದ್ದಾರೆ ಎಂದರ್ಥ. ನೀವು ಪೋಷಕರಾಗಿದ್ದರೆ ಶಾಲೆಗೆ ಹೋದಾಗ ‘ಎಷ್ಟು ಬಂತು’ ಎಂದು ಕೇಳಬೇಡಿ. ಉತ್ತರಪತ್ರಿಕೆ ಕೇಳಿ ಪಡೆದು, ತಪ್ಪಾದ ಲೆಕ್ಕವನ್ನು ಮಗುವಿನ ಮುಂದಿಟ್ಟು, ‘ಇದನ್ನು ಹೇಗೆ ಮಾಡಿದೆ, ಹೇಳು’ ಅನ್ನಿ. ಹೇಳಿ ಮುಗಿಸುವ ತನಕ ನಡುವೆ ಬಾಯಿ ಹಾಕಬೇಡಿ.