ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾ ಸೋಪಿಗೆ ಜಗ್ಗುತ್ತದೆ

ಪ್ರಶ್ನೆ: ತಂದೆಯ ಕಾಲಿನ ಗಾಯದ ಕೀವಿನಲ್ಲಿ ಎಂಆರ್‌ಎಸ್‌ಎ ಇದೆ ಎಂದು ಕಲ್ಚರ್ (ಕೀವಿನ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ವರದಿ ಬಂದಿದೆ. ಈಗ ಮನೆಗೆ ಬಂದಿದ್ದಾರೆ. ಮನೆಯಲ್ಲಿ ಮೂರು ವರ್ಷದ ಮಗುವಿದೆ. ಅವರಿಗೆ ಬೇರೆ ಕೋಣೆ, ಬೇರೆ ತಟ್ಟೆ-ಲೋಟ ಬೇಕೆ? ಶುಚಿ ಮಾಡುವುದು ಹೇಗೆ?

ಉತ್ತರ: ಎಂಆರ್‌ಎಸ್‌ಎ ಎಂದರೆ ಮೆಥಿಸಿಲಿನ್ ಹಾಗೂ ಅದರ ಬಳಗದ ಆಂಟಿಬಯೋಟಿಕ್‌ಗಳಿಗೆ ಜಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್ (ಸ್ಟ್ಯಾಫ್) ಎಂಬ ಬ್ಯಾಕ್ಟೀರಿಯಾ. ಜಗ್ಗದಿರುವುದು ಮದ್ದಿಗೆ ಮಾತ್ರ. ಸೋಪು, ಬ್ಲೀಚು, ಸ್ಯಾನಿಟೈಸರ್ ಇದರ ಮೇಲೂ ಎಂದಿನಂತೆಯೇ ಕೆಲಸ ಮಾಡುತ್ತವೆ. ಇದು ಮುಖ್ಯವಾಗಿ ಹರಡುವುದು ಕೀವು ತಾಗಿದ ಕೈ, ಟವೆಲ್, ರೇಜರ್‌ಗಳಿಂದ. ಹಾಗಾಗಿ ಬೇರೆ ತಟ್ಟೆ ಬೇಡ, ಸೋಪು ಹಚ್ಚಿ ತೊಳೆದರೆ ಸಾಕು. ಬೇರೆ ಕೋಣೆ ಕಡ್ಡಾಯವಲ್ಲ. ಟವೆಲ್, ರೇಜರ್, ಸ್ನಾನದ ಸೋಪು, ಹೊದಿಕೆ ಮಾತ್ರ ಅವರಿಗೇ ಪ್ರತ್ಯೇಕವಾಗಿರಲಿ. ಗಾಯ ಪೂರ್ತಿ ಮುಚ್ಚಿದ್ದರೆ ಮಗು ಅಜ್ಜನ ಮಡಿಲಲ್ಲಿ ಕೂರಬಹುದು. ಮಗುವಿನ ಮೈಮೇಲೆ ತರಚುಗಾಯವಿದ್ದರೆ ಅದನ್ನೂ ಮುಚ್ಚಿ.

ಎಡವಟ್ಟಾಗುವುದು ಹೆಚ್ಚಾಗಿ ಡ್ರೆಸ್ಸಿಂಗ್ ಬದಲಿಸುವಾಗ. ಹೊಸ ಪಟ್ಟಿ, ಗಾಜ್ ಬಟ್ಟೆ, ಟೇಪು, ಕಸದ ಚೀಲ ಎಲ್ಲವನ್ನೂ ಮೊದಲೇ ಕೈಗೆಟಕುವಂತೆ ಜೋಡಿಸಿಕೊಳ್ಳಿ. ಕೈ ತೊಳೆದು ಗ್ಲೌಸ್ ಹಾಕಿ, ಹಳೆಯ ಪಟ್ಟಿಯನ್ನು ನೇರವಾಗಿ ಚೀಲಕ್ಕೆ ಹಾಕಿ. ಆ ಗ್ಲೌಸನ್ನು ಒಳಮೈ ಹೊರಬರುವಂತೆ ತೆಗೆದು ಅದೇ ಚೀಲಕ್ಕೆ ಹಾಕಿ, ಮತ್ತೆ ಕೈ ತೊಳೆಯಿರಿ. ಹೊಸ ಪಟ್ಟಿಗೆ ಹೊಸ ಗ್ಲೌಸ್. ಮುಗಿದ ಮೇಲೆ ಮೂರನೆಯ ಸಲ ಕೈ ತೊಳೆಯಬೇಕು. ಗ್ಲೌಸ್ ಇತ್ತಲ್ಲ ಎಂದು ಅನೇಕರು ಇದನ್ನೇ ಬಿಡುತ್ತಾರೆ. ಕೆಲವರಂತೂ ಅದೇ ಗ್ಲೌಸ್‌ನಲ್ಲಿ ಫೋನ್ ಎತ್ತುತ್ತಾರೆ! ತೊಳೆಯುವುದೆಂದರೆ ಬೆರಳ ಸಂದಿ, ಉಗುರಿನ ಬುಡ ಸೇರಿ ಕನಿಷ್ಠ 20 ಸೆಕೆಂಡು ಸೋಪಿನಿಂದ ಉಜ್ಜುವುದು. ಸ್ಯಾನಿಟೈಸರ್ ಆದರೆ ಆಲ್ಕೋಹಾಲ್ ಶೇ 60ಕ್ಕಿಂತ ಕಡಿಮೆ ಇರಬಾರದು. ಕೈಯಲ್ಲಿ ಕೊಳೆ ಕಂಡರೆ ಸೋಪೇ ಬೇಕು.

ಕೀವು ತಾಗಿದ ಬಟ್ಟೆಯನ್ನು ಕೊಡವಬೇಡಿ. ಬಟ್ಟೆ ತಡೆಯುವಷ್ಟು ಬಿಸಿನೀರಿನಲ್ಲಿ, ಸಾಧ್ಯವಾದರೆ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಗೆದು, ತೇವ ಉಳಿಯದಂತೆ ಒಣಗಿಸಿ.

ಬಾಗಿಲ ಹಿಡಿ, ನಲ್ಲಿ, ಸ್ವಿಚ್ಚು, ಫ್ಲಶ್ ಗುಂಡಿಗಳನ್ನು ದಿನಕ್ಕೊಮ್ಮೆ ಸೋಪುನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಕೀವು ಬಿದ್ದ ಜಾಗಕ್ಕೆ ಬ್ಲೀಚ್ ಬೇಕು: ಶೇ 5ರ ಸೋಡಿಯಂ ಹೈಪೋಕ್ಲೋರೈಟ್ 20 ಮಿ.ಲೀ. ತೆಗೆದುಕೊಂಡು ನೀರು ಬೆರೆಸಿ ಒಂದು ಲೀಟರ್ ಮಾಡಿ. ಕೊಳೆ ಇದ್ದರೆ ಕ್ಲೋರಿನ್ ಅದರಲ್ಲೇ ಖರ್ಚಾಗಿಬಿಡುತ್ತದೆ, ಆದ್ದರಿಂದ ಮೊದಲು ಸೋಪಿನಿಂದ ತೊಳೆದು ಆಮೇಲೆ ಬ್ಲೀಚ್ ಹಚ್ಚಿ. 10 ನಿಮಿಷ ಒದ್ದೆಯಾಗಿರಲಿ. ಬೆರೆಸಿದ್ದು ದಿನ ಕಳೆದಂತೆ ಕಸುವು ಕಳೆದುಕೊಳ್ಳುವುದರಿಂದ ಅಂದಂದಿಗೇ ಮಾಡಿಕೊಳ್ಳಿ. ಆಮ್ಲವಿರುವ ಟಾಯ್ಲೆಟ್ ಕ್ಲೀನರ್ ಜೊತೆ ಎಂದಿಗೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ. ಬಾಟಲಿ ಮಗುವಿನ ಕೈಗೆ ಸಿಗದಿರಲಿ.

ಮನೆಮಂದಿಗೆಲ್ಲ ಪರೀಕ್ಷೆ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಸಾಮಾನ್ಯ ಸ್ಟ್ಯಾಫ್ ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ತೊಂದರೆ ಕೊಡದೆ ಇದ್ದೇ ಇರುತ್ತದೆ. ಮೂಗಿಗೆ ಹಚ್ಚುವ ಮ್ಯುಪಿರೋಸಿನ್ ಎಂಬ ಆಂಟಿಬಯೋಟಿಕ್ ಮುಲಾಮನ್ನು ವೈದ್ಯರು ಹೇಳದೆ ಬಳಸಬೇಡಿ. ಬೇಕಾಬಿಟ್ಟಿ ಬಳಸಿದರೆ ಬ್ಯಾಕ್ಟೀರಿಯಾ ಅದಕ್ಕೂ ಜಗ್ಗದಂತಾಗುತ್ತದೆ. ತಂದೆಯ ಮಾತ್ರೆ ಉಳಿದರೆ ಇನ್ನೊಬ್ಬರ ಕುರುವಿಗೆ ಕೊಡುವಂತಿಲ್ಲ. ಮನೆಯಲ್ಲಿ ಯಾರಿಗಾದರೂ ಕೆಂಪಾದ, ನೋಯುವ ಕುರು ಎದ್ದರೆ ಹಿಸುಕದೆ ಮುಚ್ಚಿ, ವೈದ್ಯರಿಗೆ ತೋರಿಸಿ. ಕೆಂಪು ಹರಡುತ್ತಿದ್ದರೆ ಅಥವಾ ಜ್ವರ ಬಂದರೆ ಅದೇ ದಿನ ಹೋಗಿ. ಹೋಗುವಾಗ ತಂದೆಯ ಕಲ್ಚರ್ ವರದಿಯ ಪ್ರತಿಯೂ ಕೈಯಲ್ಲಿರಲಿ: ಯಾವ ಔಷಧ ಕೆಲಸ ಮಾಡಬಹುದು ಎಂಬ ಸುಳಿವು ಅದರಲ್ಲಿರುತ್ತದೆ.